ಎರಡನೆಯ ದಿನ

ನಮ್ಮ ಮನೆಯ ಹೆಂಗಸರು ಸುಳ್ಳು ಹೇಳುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ವಯಸ್ಸಿನ ಬಗ್ಗೆ ಹೇಳುತ್ತೇವೆ, ಸೀರೆಯ ಬೆಲೆಯ ಬಗ್ಗೆ ಹೇಳುತ್ತೇವೆ, ಬೇಡದ ನೆಂಟರು ಬಾಗಿಲಿಗೆ ಬಂದು ನಿಂತರೆ 'ಈಗಷ್ಟೇ ನಿಮ್ಮನ್ನೇ ನೆನೆಸ್ಕಂಡೆ' ಎಂದು ನಗುನಗುತ್ತಲೇ ಹೇಳುತ್ತೇವೆ. ಆದರೆ ಒಂದು ವಿಷಯದಲ್ಲಿ ಮಾತ್ರ ಸುಳ್ಳು ಹೇಳುವುದಿಲ್ಲ. ತಿಂಗಳ ಮುಟ್ಟು ಬಂತೆಂದರೆ ಅಡುಗೆಮನೆಯ ಹೊಸ್ತಿಲ ಆಚೆಯೇ ನಿಂತು 'ಅವ್ವ, ಹೊರಗಾದೆ' ಎಂದುಬಿಡುತ್ತೇವೆ. ಹೇಳದೆ ಒಳಗೆ ಓಡಾಡಿದರೆ ಮನೆಗೆ ಒಳ್ಳೆಯದಾಗುವುದಿಲ್ಲ ಎಂಬ ಭಯ ನಮಗೆ ಹಾಲು ಕುಡಿಯುವಾಗಲೇ ಹತ್ತಿರುತ್ತದೆ.

ನಾನು ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಹತ್ತನೇ ತರಗತಿಯ ಹುಡುಗಿಯರಿಗೆ ಗರ್ಭಕೋಶ, ಅಂಡಾಶಯ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು, ಮುಟ್ಟು ಅನ್ನುವುದು ಮೈಲಿಗೆಯಲ್ಲ, ದೇಹದ ಕೆಲಸ ಅಷ್ಟೆ ಎಂದು ಮೇಜು ಕುಟ್ಟಿ ಹೇಳುತ್ತೇನೆ. ಸಂಜೆ ಮನೆಗೆ ಬಂದು, ಹೊರಗಾದ ದಿನವಾಗಿದ್ದರೆ, ನಡುಮನೆಯ ಮೂಲೆಯಲ್ಲಿ ನನಗೆಂದೇ ಇಟ್ಟ ಈಚಲು ಚಾಪೆಯ ಮೇಲೆ ಕೂತು, ಅವ್ವ ಮುಟ್ಟಿಸಿಕೊಳ್ಳದಂತೆ ಮೇಲಿಂದ ಹಾಕಿದ ಮುದ್ದೆ ಉಣ್ಣುತ್ತಿದ್ದೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಇದನ್ನು ಹೇಳಿ ನಾನೇ ಎಷ್ಟೋ ಸಲ ನಕ್ಕಿದ್ದೇನೆ. ಈಗ ನಗು ಬರುವುದಿಲ್ಲ.

ನನಗೆ ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಕೆಲವರಿಗೆ ನಾನು ಕಪ್ಪಾದೆ, ಕೆಲವರಿಗೆ ಓದಿದ್ದು ಹೆಚ್ಚಾಯಿತು, ಒಪ್ಪಿದ ಒಬ್ಬ ನನಗೇ ಒಪ್ಪಿಗೆಯಾಗಲಿಲ್ಲ. ಅಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದರು, ಹೋದರು. ಮಾಡದಕೆರೆ ಕಡೆಯ ಹಳ್ಳಿಯಲ್ಲಿ ಬಾಳಿದ ಅವ್ವ ನನ್ನ ಜೊತೆ ಹೊಸದುರ್ಗದ ಬಾಡಿಗೆ ಮನೆಗೆ ಬಂದಳು. ಇಬ್ಬರೂ ಚೆನ್ನಾಗಿಯೇ ಇದ್ದೆವು, ದಿನಾ ಜಗಳವಾಡುತ್ತಾ. ಗಂಡ ಬೇಕು ಎಂದು ನನಗೆ ಅನ್ನಿಸಿದ್ದು ಕಡಿಮೆ. ಮಗು ಬೇಕು ಅನ್ನಿಸಿದ್ದು ಮಾತ್ರ ಒಂದು ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ. ನಮ್ಮ ಗಣಿತದ ಮೇಡಂ, ನನ್ನ ಗೆಳತಿ, ಹೆರಿಗೆ ರಜೆಯಲ್ಲಿದ್ದವಳು ಏನೋ ಸಹಿ ಮಾಡಲು ಬಂದಿದ್ದಳು. ಮಗುವನ್ನು ನನ್ನ ಕೈಗೆ ಕೊಟ್ಟು ಹೋದಳು. ಅದು ನನ್ನ ಹೆಗಲ ಮೇಲೆ ಜೊಲ್ಲು ಸುರಿಸಿಕೊಂಡು ಮಲಗಿತು. ಅವಳು ಬಂದು ಮಗುವನ್ನು ತೆಗೆದುಕೊಂಡ ಮೇಲೂ ಆ ಒದ್ದೆ ಹೆಗಲಲ್ಲೇ ಎರಡು ಕ್ಲಾಸು ಮಾಡಿದೆ. ನನಗಾಗ ಮೂವತ್ತೆಂಟು.

ಮದುವೆಯಾಗದ ಹೆಂಗಸೂ ಚಿಕಿತ್ಸೆ ತೆಗೆದುಕೊಂಡು ಮಗು ಪಡೆಯಬಹುದು, ಕಾನೂನು ಅದಕ್ಕೆ ಅಡ್ಡ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಅವ್ವನಿಗೆ ಹೇಗೆ ಹೇಳುವುದು ಎಂಬುದು. ಅವರೆಕಾಯಿ ಕಾಲ. ಇಬ್ಬರೂ ಎದುರುಬದುರು ಕೂತು ಕಾಯಿ ಸುಲಿಯುತ್ತಿದ್ದೆವು. ತಲೆ ಎತ್ತದೆ ಹೇಳಿದೆ. ಗುರುತಿಲ್ಲದ ಯಾರೋ ದಾನಿಯ ವೀರ್ಯ, ನನ್ನ ಮೊಟ್ಟೆ, ಹೊರಗೆ ಸೇರಿಸಿ ಒಳಗೆ ಇಡುತ್ತಾರೆ, ಹೆರುವವಳು ನಾನೇ. ಅವ್ವ ಕೈ ನಿಲ್ಲಿಸಲಿಲ್ಲ. ಮೊರ ತುಂಬುವವರೆಗೂ ಸುಲಿದಳು. ನಾನು ದೊಡ್ಡ ಗಲಾಟೆಗೆ ಸಿದ್ಧಳಾಗಿಯೇ ಕೂತಿದ್ದೆ.

"ಗಂಡ ಇರೋರು ಅದೇನ್ ಸುಖ ಸುರ್ಕಂಡವ್ರೆ ಬಿಡು," ಎಂದಳು ಕೊನೆಗೆ. "ಮಾಡ್ಕ. ಸಾಕಾಕೆ ನಾನಿದೀನಿ."

"ಊರೋರು ಆಡ್ಕಂತಾರೆ ಅವ್ವ."

"ಊರ ಬಾಯಿಗೆ ಬಟ್ಟೆ ಕಟ್ಟಾಕಾಗ್ತೈತಾ? ನಿನ್ ಮದ್ವೆ ಆಗ್ಲಿಲ್ಲ ಅಂತ ಇಷ್ಟು ವರ್ಷ ಆಡ್ಕಂಡ್ರು. ಇನ್ನು ಇದ್ನ ಆಡ್ಕಳ್ಲಿ."

ಆ ದಿನದ ಅವ್ವನನ್ನು ನೆನೆದರೆ ಇವತ್ತಿಗೂ ನನಗೆ ಹೆಮ್ಮೆ. ಆ ಹೆಮ್ಮೆಯೇ ನನ್ನನ್ನು ಹಾಳು ಮಾಡಿತೇನೋ ಎಂದೂ ಅನ್ನಿಸುತ್ತದೆ.

ಮುಂದಿನ ವಾರ ಗೆಳತಿಯ ಜೊತೆ ಜಿಲ್ಲಾಕೇಂದ್ರ ದುರ್ಗಕ್ಕೆ, ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗೆ ಹೋದೆ. ಅವಳ ತವರು ಅಲ್ಲೇ, ಕೋಟೆ ಕೆಳಗಿನ ಹಳೇ ಪೇಟೆಯಲ್ಲಿ. ಅಜ್ಜ ಮುತ್ತಜ್ಜನ ಕಾಲದಿಂದ ಬಟ್ಟೆ ವ್ಯಾಪಾರದ ಮನೆ. ಆಸ್ಪತ್ರೆಯ ತುಂಬ ಗಂಡ ಹೆಂಡತಿಯರು. ಗಂಡಂದಿರೆಲ್ಲ ಮೊಬೈಲಿನಲ್ಲಿ ತಲೆ ಹುದುಗಿಸಿ ಕೂತಿದ್ದರು. ಕೌಂಟರಿನ ಹುಡುಗಿ "ಯಜಮಾನ್ರು ಎಲ್ಲಿ ಕುಂತವ್ರೆ ಮೇಡಂ? ಅವ್ರನ್ನೂ ಕರೀರಿ," ಎಂದಳು. ಗೆಳತಿ ನನ್ನ ಬೆನ್ನು ತಟ್ಟಿ, "ಯಜಮಾನ್ರೂ ಇವ್ರೇ, ಯಜಮಾನ್ತಿನೂ ಇವ್ರೇ. ಬರ್ಕಳ್ರಿ," ಎಂದಳು. ಪಕ್ಕದ ಬೆಂಚಿನ ಒಬ್ಬ ಗಂಡ ಮೊಬೈಲಿನಿಂದ ತಲೆ ಎತ್ತಿ ನೋಡಿದ.

ಡಾಕ್ಟರು ನನಗಿಂತ ಸ್ವಲ್ಪ ದೊಡ್ಡವರಿರಬೇಕು. ನಿಧಾನವಾಗಿ ಮಾತಾಡುವ ಹೆಂಗಸು. ರಕ್ತಪರೀಕ್ಷೆ ಮಾಡಿಸಿ, ಸ್ಕ್ಯಾನ್ ನೋಡಿ, ಮೊಟ್ಟೆಗಳು ವಯಸ್ಸಿಗೆ ತಕ್ಕಂತೆ ಕಡಿಮೆಯಾಗುತ್ತಿವೆ, ಆದರೆ ಕೈಮೀರಿಲ್ಲ ಎಂದರು. "ಮುಂದಿನ ಸಲ ಮುಟ್ಟಾದ ಎರಡನೇ ದಿನ ಬಂದುಬಿಡಿ. ಅವತ್ತೇ ಸ್ಕ್ಯಾನ್ ಮಾಡಿ ಇಂಜೆಕ್ಷನ್ ಶುರು ಮಾಡೋಣ. ತಡ ಮಾತ್ರ ಮಾಡಬೇಡಿ." ಬರುವಾಗ ಬಸ್ಸಿನಲ್ಲಿ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನೋಡುತ್ತಾ ನಾನೂ ಗೆಳತಿಯೂ ಮಗುವಿಗೆ ಹೆಸರು ಹುಡುಕಿದೆವು. ಹೊಳಲ್ಕೆರೆ ಬರುವಷ್ಟರಲ್ಲಿ ಜಗಳವೂ ಆಗಿತ್ತು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಎರಡನೇ ದಿನ ಎಂದ ಕೂಡಲೇ ಅವ್ವನ ಮುಖ ಬದಲಾಯಿತು.

"ಎರಡನೇ ದಿನಾನಾ? ಮೈಲಿಗೆಯಾಗೆ ಮಗೀನ ಕೆಲ್ಸ ಸುರು ಮಾಡ್ತಾರೇನೇ? ಬ್ಯಾಡ. ಐದನೇ ದಿನ ತಲೆಗೆ ನೀರು ಹಾಕ್ಕಂಡು, ದೇವ್ರಿಗೆ ಕೈ ಮುಗ್ದು, ನಾನೇ ಕರ್ಕಂಡು ಹೋಗ್ತೀನಿ."

ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಚಿತ್ರ ಬರೆದೆ. ಮೊಟ್ಟೆಗಳು ಆ ದಿನಗಳಲ್ಲೇ ಬೆಳೆಯಲು ಶುರುವಾಗುತ್ತವೆ, ಔಷಧಿ ಆಗಲೇ ಕೊಡಬೇಕು ಎಂದು ವಿವರಿಸಿದೆ. ಅವ್ವ ಹಿಂದಿನ ಬೆಂಚಿನ ಹುಡುಗಿಯ ಹಾಗೆ ಎಲ್ಲದಕ್ಕೂ ತಲೆಯಾಡಿಸಿದಳು. ಮುಗಿದ ಮೇಲೆ ಅದೇ ಮಾತು. "ಎಲ್ಲಾ ಸರಿ ಐತೆ. ಐದನೇ ದಿನ ಹೋಗಾಣ."

ನನಗೆ ಸಿಟ್ಟು ಬಂತು. ಆದರೆ ಗಂಡನಿಲ್ಲದ ಬಸುರನ್ನೇ ಒಂದು ಮೊರ ಅವರೆಕಾಯಿ ಸುಲಿಯುವಷ್ಟರಲ್ಲಿ ಒಪ್ಪಿದವಳು. ಅಷ್ಟು ದೊಡ್ಡದನ್ನು ಕೊಟ್ಟವಳಿಗೆ ಇಷ್ಟು ಚಿಕ್ಕದನ್ನು ಬಿಟ್ಟುಕೊಡಬಾರದೇ ಎಂದುಕೊಂಡೆ. ಡಾಕ್ಟರ ಹತ್ತಿರ ಏನಾದರೂ ಹೇಳಿ ಹೊಂದಿಸಿಕೊಳ್ಳಬಹುದು ಎಂದೂ ಅನ್ನಿಸಿತು, ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡುವ ಹಾಗೆ. ಮುಟ್ಟಾಯಿತು. ಚಾಪೆಯ ಮೇಲೆ ಕೂತೆ. ಐದನೇ ದಿನ ಎರೆದುಕೊಂಡು, ಹೂ ಮುಡಿದು, ದುರ್ಗಕ್ಕೆ ಹೋದೆವು. ಡಾಕ್ಟರು ನನ್ನನ್ನೇ ನೋಡಿದರು.

"ನೀವು ವಿಜ್ಞಾನದ ಟೀಚರ್ ಅಲ್ವಾ? ಎರಡನೇ ದಿನ ಅಂದಿದ್ದೆ."

ಪಕ್ಕದಲ್ಲಿ ಅವ್ವ ಕೂತಿದ್ದಳು. "ಸ್ಕೂಲಲ್ಲಿ ಪರೀಕ್ಷೆ ಇತ್ತು ಡಾಕ್ಟ್ರೇ," ಎಂದೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತು!

ಮುಂದಿನ ತಿಂಗಳು ಬನ್ನಿ ಎಂದರು. ಮುಂದಿನ ತಿಂಗಳೂ ಅವ್ವ ಬಿಡಲಿಲ್ಲ. ಹೀಗೇ ಬೇಸಿಗೆ ಕಳೆದು ಆಷಾಢ ಬಂತು. ಶ್ರಾವಣದಲ್ಲಿ ಮನೆಯಲ್ಲಿ ಪೂಜೆ, ಅದು ಮುಗಿಯುವವರೆಗೆ ಆ ಮಾತೇ ಬೇಡವೆಂದಳು. ನಂತರ ಪಿತೃಪಕ್ಷ. ಅದು ಕಳೆಯುವಷ್ಟರಲ್ಲಿ ಹರಿಯಬ್ಬೆಯ ದೊಡ್ಡಪ್ಪ ತೀರಿಕೊಂಡು ಸೂತಕ. ಕಾರಣ ಒಂದಿಲ್ಲದಿದ್ದರೆ ಇನ್ನೊಂದು. ಎಲ್ಲವನ್ನೂ ಅವ್ವನ ತಲೆಗೆ ಕಟ್ಟಿದರೆ ಅನ್ಯಾಯವಾದೀತು. ಒಬ್ಬಳೇ ಬಸುರಿಯಾಗಿ ಸ್ಟಾಫ್ ರೂಮಿಗೆ ಹೋಗುವುದನ್ನು ನೆನೆದರೆ ನನಗೂ ಹೆದರಿಕೆ. ಅವ್ವನ ಹಠ ಆ ಹೆದರಿಕೆಗೆ ಒಳ್ಳೆಯ ಮರೆಯಾಯಿತು. ಪ್ರತಿ ತಿಂಗಳೂ ಚಾಪೆಯ ಮೇಲೆ ಕೂತು ಅವ್ವನ ಮೇಲೆ ಸಿಡುಕುತ್ತಾ, ಒಳಗೊಳಗೆ ಇನ್ನೊಂದು ತಿಂಗಳು ಸಿಕ್ಕಿತಲ್ಲ ಎಂದು ಹಗುರವಾಗುತ್ತಿದ್ದೆ.

ಗೆಳತಿ ಮಾತ್ರ ರೇಗಿದಳು. "ನಿಮ್ಮವ್ವಂಗೆ ಹೇಳ್ಲೇಬೇಡ ಕಣೇ. ಎರಡನೇ ದಿನ ಸ್ಕೂಲಿಗೆ ಅಂತ ಹೊರಡು, ನನ್ ಜೊತೆ ಬಸ್ ಹತ್ತು. ಮುಟ್ಟಾಗೇ ಇಲ್ಲ ಅನ್ನು. ಖಲಾಸ್."

"ಅದೊಂದು ಸುಳ್ಳು ನನ್ ಬಾಯಲ್ಲಿ ಬರಲ್ಲ ಕಣೇ."

"ಯಾಕೆ ಬರಲ್ಲ? ನಮ್ಮಲ್ಲೂ ಆ ದಿನ ನಮಾಜು ಮಾಡಲ್ಲ. ಹಂಗಂತ ಡಾಕ್ಟ್ರ ಹತ್ರ ಹೋಗ್ಬೇಡ ಅಂತ ನಮ್ಮಮ್ಮಿ ಯಾವತ್ತೂ ಅಂದಿಲ್ಲ. ನೀನು ಹತ್ತನೇ ಕ್ಲಾಸಿಗೆ ಅದೇನ್ ಪಾಠ ಮಾಡ್ತೀಯೋ ಆ ಅಲ್ಲಾನಿಗೇ ಗೊತ್ತು!"

ಅವ್ವ ಯಾಕೆ ಇಷ್ಟು ಹಠ ಹಿಡಿದಿದ್ದಾಳೆ ಎಂದು ನಾನು ಕೇಳಲೇ ಇಲ್ಲ. ಹಳ್ಳಿ ಹೆಂಗಸು, ಮಡಿ ಹೆಂಗಸು, ಇನ್ನೇನು ಕಾರಣ ಬೇಕು ಎಂದುಕೊಂಡೆ. ದಡ್ಡ ಹುಡುಗರನ್ನೂ 'ಯಾಕೆ ಹೀಗೆ ಬರೆದೆ' ಎಂದು ಕೇಳುವವಳು ಹೆತ್ತವಳನ್ನು ಕೇಳಲಿಲ್ಲ.

ವರ್ಷ ತುಂಬಿದ ಮೇಲೆ ಒಬ್ಬಳೇ ದುರ್ಗಕ್ಕೆ ಹೋಗಿ ಮತ್ತೆ ರಕ್ತಪರೀಕ್ಷೆ ಮಾಡಿಸಿದೆ. ಡಾಕ್ಟರು ರಿಪೋರ್ಟನ್ನು ಎರಡು ಸಲ ನೋಡಿದರು. ಇಷ್ಟು ಬೇಗ ಇಷ್ಟು ಇಳಿಯುತ್ತದೆ ಎಂದು ಅವರೂ ಅಂದುಕೊಂಡಿರಲಿಲ್ಲವಂತೆ. ಕೆಲವರ ದೇಹದಲ್ಲಿ ಹೀಗಾಗುತ್ತದೆ, ಮೊದಲೇ ಗೊತ್ತಾಗುವುದಿಲ್ಲ ಎಂದರು. "ಒಂದು ಸಲ ನಿಮ್ಮ ಮೊಟ್ಟೆಯಲ್ಲೇ ಪ್ರಯತ್ನ ಮಾಡೋಣ. ಆಗದಿದ್ದರೆ ದಾನಿಯ ಮೊಟ್ಟೆಯ ಬಗ್ಗೆ ಯೋಚನೆ ಮಾಡಬೇಕಾಗುತ್ತೆ. ಹೋದ ವರ್ಷವೇ ಶುರು ಮಾಡಿದ್ದರೆ ಚೆನ್ನಾಗಿತ್ತು." ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅವ್ವ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಚಪ್ಪಲಿ ಬಿಟ್ಟವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ಡಾಕ್ಟರು ಹೇಳಿದ್ದನ್ನು ಹೇಳಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು.

"ನಿನ್ ಮಡಿ ನನ್ ಮಗೂನ ತಿಂದಾಕ್ತು ಅವ್ವ," ಎಂದೆ.

ಮುದ್ದೆ ಕೋಲು ಪಾತ್ರೆಯಲ್ಲೇ ನಿಂತಿತು. ಅವ್ವ ತಿರುಗಿ ನೋಡಲಿಲ್ಲ. ಹಿಟ್ಟು ತಳ ಹಿಡಿದ ವಾಸನೆ ಬಂದರೂ ಹಾಗೇ ನಿಂತಿದ್ದಳು. ನಾನೇ ಹೋಗಿ ಗ್ಯಾಸ್ ಆರಿಸಿದೆ. ಆ ಮಾತು ಆಡಬಾರದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮುಂದಿನ ಸಲ ಹೊರಗಾದಾಗ ಎಂದಿನಂತೆ ಹೊಸ್ತಿಲ ಆಚೆ ನಿಂತು ಹೇಳಿದೆ. ಅವ್ವ 'ಹೂಂ' ಎಂದಳು ಅಷ್ಟೆ. ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟರೆ ಅವ್ವ ಒಳ್ಳೆಯ ಸೀರೆ ಉಟ್ಟು, ಬಾಚಣಿಗೆ ಹಿಡಿದು, ಚಾಪೆಯ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದಳು. ಆ ಚಾಪೆಯನ್ನು ಅವಳು ಮುಟ್ಟಿದ್ದನ್ನು ನಾನು ನೋಡಿದ್ದೇ ಇಲ್ಲ. ನನ್ನ ಕೂದಲು ಬಿಚ್ಚಿ ಬಾಚತೊಡಗಿದಳು. ಆ ದಿನಗಳಲ್ಲಿ ಅವ್ವನ ಕೈ ನನ್ನ ಮೇಲೆ ಬಿದ್ದದ್ದು ನಾನು ದೊಡ್ಡವಳಾದ ಮೇಲೆ ಅದೇ ಮೊದಲು.

"ಏಳವ್ವ. ಬಸ್ಸಿಗೆ ಹೊತ್ತಾಗ್ತೈತೆ," ಎಂದಳು.

ಬಸ್ಸಿನಲ್ಲಿ ನನ್ನ ತೋಳಿಗೆ ತೋಳು ತಾಗಿಸಿಕೊಂಡೇ ಕೂತಳು. ಹೊಳಲ್ಕೆರೆ ದಾಟಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡು, ಮೆಲ್ಲಗೆ ಶುರು ಮಾಡಿದಳು. ನನಗಿಂತ ಮೊದಲು ಒಂದು ಗಂಡು ಮಗು ಹುಟ್ಟಿತ್ತಂತೆ. ನನಗೆ ಗೊತ್ತೇ ಇರಲಿಲ್ಲ. ನಮ್ಮ ಹಳ್ಳಿಯಲ್ಲಿ ಆಗ ಹೊರಗಾದವರು ಮೂರು ದಿನ ಹಿತ್ತಲ ಗುಡಿಸಲಲ್ಲಿ ಇರಬೇಕಿತ್ತು.

"ಒಂದಿನ ಸಿಡ್ಲು ಮಳೆ. ಹೊಸ ಮದ್ವಣಗಿತ್ತಿ, ಹೆದರ್ಕಂಡು ಒಳಗೆ ಓಡಿ ಬಂದ್ಬಿಟ್ಟೆ, ದೇವ್ರ ಮುಂದೆನೇ. ಅದೇ ತಿಂಗ್ಳು ಬಸ್ರು ನಿಂತ್ಕಂತು. ಮಗ ಹುಟ್ಟಿ ಮೂರು ತಿಂಗ್ಳಿಗೆ ಹೋತು. ಮೈಲಿಗೆಯಾಗೆ ಸುರುವಾದದ್ದು ಉಳೀತದಾ ಅಂತ ನಿಮ್ಮಜ್ಜಿ ಅಂದ್ಬಿಟ್ರು."

"ನನಗ್ಯಾಕೆ ಹೇಳ್ಲಿಲ್ಲ ಅವ್ವ?"

"ನೀನು ಬಸ್ರಿ ಆಗಾಕೆ ಹೊರಟಿದೀಯ. ಸತ್ತ ಮಗೀನ ಮಾತು ಹೆಂಗೆ ಆಡ್ಲಿ? ಬಾಯಾಗೆ ಬಂದದ್ದು ತಗುಲ್ಕಂಡ್ರೆ?" ಸೆರಗು ಸರಿಮಾಡಿಕೊಂಡಳು. "ನಿನ್ ಮಗ ಉಳೀಲಿ ಅಂತ ಮಾಡ್ದೆ ಕಣವ್ವ. ನೀನು ಅವತ್ತು ಅಂದ್ಯಲ್ಲ, ಆಮೇಲೆ ಗೊತ್ತಾತು. ಅವತ್ತು ಮಳೆಗೆ ಹೆದರ್ಕಂಡೆ, ಈಗ ಮೈಲಿಗೆಗೆ ಹೆದರ್ಕಂಡೆ. ಬರೀ ಹೆದರ್ಕಳದೇ ಆತು."

"ಮಗೂಗೆ ಏನಾಗಿತ್ತು?"

"ಜ್ವರ. ಉಸ್ರು ಎಳೀತಿತ್ತು, ಪಕ್ಕೆ ಒಳಕ್ಕೆ ಹೋಗ್ತಿತ್ತು. ರಾತ್ರಿ ಹೊಸದುರ್ಗಕ್ಕೆ ಬರಾಕೆ ಗಾಡಿ ಸಿಗ್ಲಿಲ್ಲ."

"ಅದು ಎದೆಗೆ ಕಫ ಕಟ್ಟಿದ ಜ್ವರ ಅವ್ವ. ನಿನ್ನಿಂದ ಆಗಿದ್ದಲ್ಲ."

ಅವ್ವ ನನ್ನ ಮುಖ ನೋಡಿದಳು. ಅವಳಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ವಿಜ್ಞಾನ ಓದಿದ ಮಗಳು ಒಬ್ಬಳು ಮನೆಯಲ್ಲೇ ಇದ್ದಳು. ಊರ ಮಕ್ಕಳಿಗೆಲ್ಲ ಹೇಳುತ್ತಿದ್ದಳು. ಒಂದೇ ಒಂದು ಸಲ 'ಯಾಕವ್ವ' ಎಂದು ಕೇಳಿದ್ದರೆ ಅವ್ವ ಇಷ್ಟು ವರ್ಷ ಹೊತ್ತ ಪಾಪ ಇಳಿಯುತ್ತಿತ್ತು, ನನ್ನ ಒಂದು ವರ್ಷವೂ ಉಳಿಯುತ್ತಿತ್ತು. ಆ ಬಸ್ಸಿನಲ್ಲಿ ನನಗೆ ಅವ್ವನ ಮೇಲಿದ್ದ ಸಿಟ್ಟೆಲ್ಲ ಹೋಗಿ, ಅದೆಲ್ಲ ನನ್ನ ಕಡೆಗೇ ತಿರುಗಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ.

ಇಂಜೆಕ್ಷನ್ ಶುರುವಾಯಿತು. ತಣ್ಣಗಿಡಬೇಕಾದ ಔಷಧಿಗೆಂದು ಅವ್ವ ಫ್ರಿಜ್ಜಿನ ಒಂದು ಖಾನೆಯನ್ನೇ ಖಾಲಿ ಮಾಡಿದಳು. ಹುಣಸೆಹಣ್ಣು, ಉಪ್ಪಿನಕಾಯಿ, ಹೆಪ್ಪಿನ ಲೋಟ ಎಲ್ಲವೂ ಅಲ್ಲಿಂದ ಗಡಿಪಾರಾದವು. ಒಂದು ದಿನ ನೋಡಿದರೆ ಫ್ರಿಜ್ಜಿನ ಬಾಗಿಲಿಗೆ ಅರಿಶಿನ ಕುಂಕುಮ! "ಇದಕ್ಕೂ ಆಯುಧಪೂಜೆನಾ?" ಎಂದೆ. "ಸುಮ್ಕಿರು, ನನ್ ಮೊಮ್ಮಗ ಐತೆ ಅದರಾಗೆ," ಎಂದಳು. ನಾನು ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವಾಗ ತಾನು ಹಲ್ಲು ಕಚ್ಚಿ ಕಣ್ಣು ಮುಚ್ಚುತ್ತಿದ್ದಳು. ಇಷ್ಟು ಖುಷಿಯಾಗಿ ನಾವಿಬ್ಬರೂ ಯಾವತ್ತೂ ಇದ್ದದ್ದಿಲ್ಲ. ಇದೇ ಖುಷಿ ಹೋದ ವರ್ಷವೇ ಆಗಬಹುದಿತ್ತು ಎಂಬ ಮಾತು ಮಾತ್ರ ಅನ್ನದೊಳಗಿನ ಕಲ್ಲಿನಂತೆ ಆಗಾಗ ಹಲ್ಲಿಗೆ ಸಿಗುತ್ತಿತ್ತು.

ಮೊಟ್ಟೆ ಸಿಕ್ಕಿದ್ದು ಎರಡೇ. ಅದರಲ್ಲಿ ಒಂದು ಭ್ರೂಣವಾಯಿತು. ಅದನ್ನು ಒಳಗಿಟ್ಟು, ಎರಡು ವಾರದ ಮೇಲೆ ರಕ್ತಪರೀಕ್ಷೆಗೆ ಬನ್ನಿ ಎಂದು ಕಳಿಸಿದರು. ಅವ್ವ ನನಗೆ ಕೊಡ ಎತ್ತಲು ಬಿಡಲಿಲ್ಲ, ಕಸ ಗುಡಿಸಲು ಬಿಡಲಿಲ್ಲ. ಡಾಕ್ಟರು ಎಲ್ಲ ಮಾಡಬಹುದು ಎಂದಿದ್ದಾರೆ ಎಂದರೆ, "ಡಾಕ್ಟ್ರು ಏಸು ಮಕ್ಳು ಹೆತ್ತವ್ರೆ?" ಎಂದಳು.

ಪರೀಕ್ಷೆಗೆ ಇನ್ನೂ ದಿನವಿರುವಾಗಲೇ ಒಂದು ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ನನಗೆ ಗೊತ್ತಾಯಿತು. ಒಂದಿಷ್ಟು ಕಲೆಯಲ್ಲ. ಪೂರ್ತಿ ಮುಟ್ಟು. ಆಸ್ಪತ್ರೆಗೆ ಫೋನ್ ಮಾಡಿದೆ. ಔಷಧಿ ನಿಲ್ಲಿಸಬೇಡಿ, ನಾಳೆ ಬಂದು ರಕ್ತ ಕೊಡಿ, ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಬಚ್ಚಲಲ್ಲೇ ನಲ್ಲಿ ತಿರುಗಿಸಿಕೊಂಡು ಅತ್ತೆ. ಹೊರಗೆ ಅವ್ವ ಯಾವುದೋ ಹಳೆಯ ಜೋಗುಳ ಗುನುಗುತ್ತಾ ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

ಹೊಸ್ತಿಲ ಬಳಿ ಬಂದು ನಿಂತೆ. ಆ ಎರಡು ಮಾತು ಬಾಯಿಗೆ ಬರಲಿಲ್ಲ. ಹೇಳಿದರೆ ಆ ಹಾಡು ನಿಲ್ಲುತ್ತದೆ. ಇವತ್ತೊಂದು ದಿನ ಅವಳು ಅಜ್ಜಿಯಾಗಿರಲಿ ಎನ್ನಿಸಿತು. ಹೊಸ್ತಿಲು ದಾಟಿ ಒಳಗೆ ಹೋದೆ. ಹುಟ್ಟಿದಾಗಿನಿಂದ ಹೇಳದ ಸುಳ್ಳನ್ನು ಅವತ್ತು ಹೇಳಿದೆ, ಬಾಯಿ ಬಿಡದೆಯೇ. ಹಾಲಿನ ಪಾತ್ರೆ ಮುಟ್ಟಿದೆ, ಉಪ್ಪಿನ ಡಬ್ಬಿ ಮುಟ್ಟಿದೆ, ಅವ್ವನ ಪಕ್ಕ ಕೂತು ಬೆಳ್ಳುಳ್ಳಿ ಬಿಡಿಸಿದೆ. ಅವ್ವ ಹಾಡು ನಿಲ್ಲಿಸಿ ನನ್ನ ಮುಖ ನೋಡಿದಳು. ಮತ್ತೆ ಹಾಡತೊಡಗಿದಳು.

ಮುಸ್ಸಂಜೆಯಾಯಿತು. ದೇವರ ಗೂಡಿನ ದೀಪಕ್ಕೆ ಎಣ್ಣೆ ಬತ್ತಿ ಹಾಕಿಟ್ಟ ಅವ್ವ ನನ್ನನ್ನು ಕರೆದಳು.

"ಬಾರವ್ವ. ಇವತ್ತು ದೀಪ ನೀನೇ ಹಚ್ಚು."

ಪಾತ್ರೆ ಪಡಗ ಬೇರೆ, ದೇವರ ದೀಪ ಬೇರೆ. ಕಡ್ಡಿಪೆಟ್ಟಿಗೆ ಹಿಡಿದ ನನ್ನ ಕೈ ಅಲ್ಲೇ ನಿಂತಿತು. ತಲೆನೋವು ಎನ್ನಲೇ, ನೀನೇ ಹಚ್ಚು ಎನ್ನಲೇ ಎಂದು ಯೋಚಿಸುತ್ತಿದ್ದೆ.

"ಗೊತ್ತೈತೆ ನನಗೆ," ಎಂದಳು ಅವ್ವ. "ಬೆಳಿಗ್ಗೆ ಬಚ್ಚಲಿಂದ ಬಂದಾಗ್ಲೇ ಗೊತ್ತಾತು. ಹಚ್ಚು."

ಕಡ್ಡಿ ಗೀರಿದೆ. ಮೊದಲನೆಯದು ಆರಿತು. ಅವ್ವ ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಇನ್ನೊಂದು ಗೀರಿದಳು. ದೀಪ ಹತ್ತಿತು. ಬೆಳಿಗ್ಗೆಯಿಂದ ಅವಳೂ ನನಗೋಸ್ಕರ ಹಾಡುತ್ತಲೇ ಇದ್ದಳು ಎಂಬುದು ನನಗೆ ಆಗ ತಿಳಿಯಿತು. ಇಬ್ಬರೂ ಅಲ್ಲೇ ಗೂಡಿನ ಮುಂದೆ ಕೂತು, ಅವಳು ಕಳೆದುಕೊಂಡ ಮಗುವಿಗೂ ನನಗೆ ಹುಟ್ಟದ ಮಗುವಿಗೂ ಸೇರಿಸಿ ಅತ್ತೆವು.